ಮಾವನ ಮಾಸಪತ್ರಿಕೆ, ಹುರುಳಿ ಹಾಸಿದ ರಸ್ತೆ

ನನ್ನ ಸೋದರಮಾವನನ್ನು ಯಾರಾದರೂ ಕದ್ದುಕೊಂಡು ಹೋದರೆ ನಾನು ಖಂಡಿತ ದೂರು ಕೊಡುವುದಿಲ್ಲ. ಕದ್ದವರಿಗೆ ಬುತ್ತಿ ಕಟ್ಟಿ ಕಳಿಸುತ್ತೇನೆ!

ಹೊಳೆನರಸೀಪುರದ ಅವನ ಮನೆಯಲ್ಲಿ ಮಂಚವಿದೆ, ಮಲಗಲು ಜಾಗವಿಲ್ಲ. ಮಂಚದ ತುಂಬ ನೂರು ವರ್ಷ ಹಳೆಯ ಮಾಸಪತ್ರಿಕೆಗಳು. ಧಾರಾವಾಹಿ ಕಥೆ, ಗ್ರಹಣದ ವಿಚಾರ, ನೆಗಡಿಗೆ ಕಷಾಯ, ಕೂದಲೆಣ್ಣೆಯ ಜಾಹೀರಾತು, ಎಲ್ಲವೂ ಒಂದರಲ್ಲೇ! ಕಷಾಯ ಕುಡಿದವರೂ ಇಲ್ಲ, ಆ ಕೂದಲಿದ್ದವರೂ ಇಲ್ಲ. ಇವನು ಮಾತ್ರ ಮುಂದಿನ ತಿಂಗಳ ಸಂಚಿಕೆಗಾಗಿ ಇನ್ನೂ ಊರೂರು ಅಲೆಯುತ್ತಾನೆ.

ನನ್ನ ತಮ್ಮನಿಗೆ ಹೆಣ್ಣು ನೋಡಲು ಅರಕಲಗೂಡಿಗೆ ಹೋದಾಗ ಏನು ಮಾಡಿದ ಗೊತ್ತೇ? ನೀರು ಕುಡಿಯುವ ನೆಪದಲ್ಲಿ ಅವರ ಅಡುಗೆಮನೆಗೆ ನುಗ್ಗಿ, ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಗೂಡಿಗೆ ಹಾಸಿದ್ದ ಹಳೇ ಸಂಚಿಕೆ ಎಳೆಯುತ್ತಿದ್ದ! ಹುಡುಗಿಯ ಅಜ್ಜಿ ಕಳ್ಳ ಹೊಕ್ಕನೆಂದು ಬೊಬ್ಬೆ ಹಾಕಿದರು.

"ಹುಡುಗಿ ಹೆಂಗವ್ಳೆ ಮಾವಾ?" ವಾಪಸ್ಸು ಬರುವಾಗ ತಮ್ಮ ಹಲ್ಲು ಕಡಿಯುತ್ತ ಕೇಳಿದ.

"ಅಂಚು ವಸಿ ಗೆದ್ಲು ತಿಂದೈತೆ ಕಣ್ಲಾ. ರಕ್ಷಾಪುಟ ಮಾತ್ರ ಬಂಗಾರದಂಗೈತೆ!"

ಸಂಬಂಧ ಅಲ್ಲೇ ಮುರಿಯಿತು.

ಇಷ್ಟಕ್ಕೆಲ್ಲ ನಾನು ನಗುತ್ತಿದ್ದೆ. ಬಾಗೂರಿಗೆ ಹೋಗಿ ಬಂದ ಮೇಲೆ ನಗು ಬರುತ್ತಿಲ್ಲ, ಮೈಯೆಲ್ಲ ಉರಿಯುತ್ತಿದೆ.

ಅಲ್ಲಿ ಯಾರೋ ಹಳೇ ಮನೆ ಕೆಡವುತ್ತಿದ್ದರು. ಮಾವ ವರ್ಷಗಟ್ಟಲೆ ಹುಡುಕಿದ್ದ ಸಂಚಿಕೆಗಳು ಅಟ್ಟದಲ್ಲಿ ಸಿಕ್ಕವು. ಹುರಿ ಬಿಗಿದರೆ ಅಂಚು ಮುರಿಯುತ್ತದೆಂದು ಟವೆಲ್ಲಿನಲ್ಲಿ ಸಡಿಲವಾಗಿ ಗಂಟು ಹಾಕಿ, ನನ್ನ ಸ್ಕೂಟರಿನ ಹಿಂದೆ ಕೂಸಿನಂತೆ ತಬ್ಬಿ ಕೂತ. ಚನ್ನರಾಯಪಟ್ಟಣದ ದಾರಿಯಲ್ಲಿ, ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ರಸ್ತೆಗೆ ಹುರುಳಿ ಗಿಡ ಹಾಸಿದ್ದರು. ಸ್ಕೂಟರ್ ಕುಲುಕಿತು, ಗಂಟು ಬಿಚ್ಚಿ ಸಂಚಿಕೆಗಳು ರಸ್ತೆಗೆ ಚೆಲ್ಲಿದವು. ನಾನು ನಿಲ್ಲಿಸುವುದರೊಳಗೆ ಇವನು ನೆಗೆದು, ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಆಯತೊಡಗಿದ!

"ಯಜಮಾನ್ರೇ, ಏಳಿ, ಬಸ್ ಬತ್ತಾ ಐತೆ!" ಹುರುಳಿ ಹರಡುತ್ತಿದ್ದ ಹೆಂಗಸು ಕೂಗಿದಳು.

"ನೀನು ತುಳೀಬ್ಯಾಡ ಕಣವ್ವಾ, ಪುಡಿಯಾಯ್ತವೆ!"

ಎದುರಿಗೆ ಬಸ್ಸು, ಇವನಿಗೆ ಆಕೆಯ ಕಾಲಿನ ಚಿಂತೆ! ಎಳೆದು ತರಲು ನಾನೂ ಓಡಿದೆ. ಡ್ರೈವರ್ ಬ್ರೇಕ್ ಹಾಕಿದ. ಹುರುಳಿಯ ಮೇಲೆ ಯಾವ ಬ್ರೇಕ್ ಹಿಡಿಯುತ್ತದೆ? ಬಸ್ಸು ಅಡ್ಡಡ್ಡ ಜಾರುತ್ತ ಬಂತು. ಈಗಲೂ ಹಾಗೇ ಬರುತ್ತದೆ; ತರಗತಿಯಲ್ಲಿ ಪಾಠ ಮಾಡುವಾಗ, ಸಾರಿಗೆ ಒಗ್ಗರಣೆ ಹಾಕುವಾಗ.

ಮಾವ ಎದೆಗವಚಿಕೊಂಡಿದ್ದನ್ನೆಲ್ಲ ಎಸೆದ. ಎರಡೂ ಕೈಯಲ್ಲಿ ನನ್ನನ್ನು ಬಾಚಿಕೊಂಡು, ಹುರುಳಿಯ ಮೇಲೆ ಹೊರಳಿ, ಚರಂಡಿಗೆ ಬಿದ್ದ. ಬಸ್ಸು ಸಂಚಿಕೆಗಳ ಮೇಲೆ ಹಾದು ನಿಂತಿತು.

"ಸಾಯಕ್ಕೆ ನನ್ ಬಸ್ಸೇ ಬೇಕಿತ್ತಾ ಸಾ?" ಅಂತ ಡ್ರೈವರ್ ಬೈದ. ಹೆಂಗಸೂ ಬೈದಳು. ಇಬ್ಬರೂ ಸೇರಿ ಬೈದಷ್ಟನ್ನು ನಾನೊಬ್ಬಳೇ ಬೈದೆ.

"ಹೋಗು, ಆರಿಸ್ಕೋ ಹೋಗು! ಅಲ್ಲೇ ಬಿದ್ದವೆ!"

ಮಾವ ರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೂದಲಿಗೆ ಸಿಕ್ಕಿದ್ದ ಹುರುಳಿ ಹೊಟ್ಟನ್ನು ಒಂದೊಂದಾಗಿ ಬಿಡಿಸುತ್ತಿದ್ದ.

"ವಸಿ ಅಲ್ಲಾಡ್ದೆ ಕೂತ್ಕೋ ಮಗಾ," ಎಂದ.