ಒಂದು ಸಾಲು ಅಳಿಸಿದ್ದಕ್ಕೆ

ಅವಳು ಅಳಿಸಬೇಕಿದ್ದದ್ದು ಒಂದೇ ಒಂದು ಸಾಲು. ಆಫೀಸಿನವರೆಲ್ಲ ಬರೆದ ಕೋಡನ್ನು ಜೋಡಿಸಿಕೊಡುವ ಬಿಲ್ಡ್ ಟೂಲ್‌ಗೆ ‘ಪ್ರತಿ ಸಲವೂ ಹಳೆಯದನ್ನೆಲ್ಲ ಎಸೆದು ಮೊದಲಿನಿಂದ ಶುರುಮಾಡು’ ಎನ್ನುತ್ತಿದ್ದ ಸಾಲು. ಒಂದು ಲೋಟ ನೀರು ಕುಡಿಯಲು ಅಡುಗೆಮನೆಯ ಪಾತ್ರೆಗಳನ್ನೆಲ್ಲ ತೊಳೆದಿಟ್ಟಂತೆ! ಹಾಗಾಗಿ ಸಂಜೆಯ ಬಿಲ್ಡ್‌ಗೆ ಮುಕ್ಕಾಲು ಗಂಟೆ. ಸರದಿ ಇದ್ದವರು ಅದು ಮುಗಿಯುವವರೆಗೆ ಕುರ್ಚಿ ಬಿಡುವಂತಿಲ್ಲ. ಉಳಿದವರು ಚಹಾಕ್ಕೆ ಏಳಬಹುದು.

ಇವತ್ತು ಅವಳ ಸರದಿ. ಇವತ್ತೇ ಐದಕ್ಕೆ ಮಗಳ ಮೊದಲ ಈಜು ಪಂದ್ಯ. ಹೋದ ಸಲ ಮಗಳ ನಾಟಕವನ್ನು ಇದೇ ಬಿಲ್ಡ್ ನುಂಗಿತ್ತು. ಬೆಳಿಗ್ಗೆ ಮನೆ ಬಿಡುವಾಗ ಮಗಳು ಕೇಳಿದ್ದಳು:

“ಅಮ್ಮಾ, ಈ ಸಲನಾದ್ರೂ ಬರ್ತೀಯಾ?”

“ಬಂದೇ ಬರ್ತೀನಿ ಪುಟ್ಟಿ!”

ಸಾಲು ಅಳಿಸಿ ಪರಿಶೀಲನೆಗೆ ಕಳಿಸಿದಳು. ಇಬ್ಬರು ಸಹೋದ್ಯೋಗಿಗಳು ಒಪ್ಪಿದರೆ ಸಾಕು.

ಅವರಲ್ಲಿ ಮೊದಲು ಕನ್ನಡಕದವರು ಬಂದರು. “ಯಾಕೆ ಅಳಿಸಿದ್ರಿ ಅಂತ ವಿವರವಾಗಿ ಬರೀರಿ ಮೇಡಂ.” ಬರೆದಳು.

ಎರಡನೆಯವಳು, ಎದುರು ಕುರ್ಚಿಯಾಕೆ, ಮುಖ ಕಿವುಚಿದಳು. “ಇಷ್ಟುದ್ದ ಯಾರ್ ಓದ್ತಾರ್ರೀ? ಚಿಕ್ಕದು ಮಾಡಿ.” ಮಾಡಿದಳು.

ಯಾರೂ ಕರೆಯದಿದ್ದರೂ ಲೆಕ್ಕಪತ್ರ ವಿಭಾಗದವರು ಹೆಗಲ ಮೇಲಿಂದ ಇಣುಕಿದರು. “ಅಲ್ಲೊಂದು ಖಾಲಿ ಜಾಗ ಉಳೀತಲ್ಲಾ, ಹಲ್ಲು ಬಿದ್ದ ಹಾಗೆ ಕಾಣುತ್ತೆ!” ಅದನ್ನೂ ಮುಚ್ಚಿದಳು. ಊಟದ ಡಬ್ಬಿ ಮುಚ್ಚಳ ತೆಗೆಯದೆ ಕೂತಿತ್ತು.

ನಾಲ್ಕೂವರೆಗೆ ಇಬ್ಬರೂ ಒಪ್ಪಿದರು. ಅವಳು ಬಿಲ್ಡ್ ಶುರುಮಾಡಿದಳು. ಉಳಿದವರು ಕಪ್ಪು ಹಿಡಿದು ಎದ್ದರು.

ಎರಡೇ ನಿಮಿಷ! ಪರದೆಯ ಮೇಲೆ ಹಸಿರು. “ಮುಗೀತು!” ಎಂದು ಅವಳು ಶಾಲೆ ಬಿಟ್ಟ ಹುಡುಗಿಯಂತೆ ಹಾರಿ, ಬ್ಯಾಗು ಹೆಗಲಿಗೇರಿಸಿದಳು. ಬಾಗಿಲಲ್ಲಿ ಖಾಲಿ ಕಪ್ಪು ಹಿಡಿದ ಮುಖ್ಯಸ್ಥರು ಅಡ್ಡ ಬಂದರು.

“ಇಷ್ಟು ಬೇಗ ಹೆಂಗಮ್ಮಾ ಮುಗೀತು? ಏನೋ ಬಿಟ್ಟುಹೋಗಿದೆ.”

“ಏನೂ ಬಿಟ್ಟಿಲ್ಲ ಸರ್. ಆ ಸಾಲೇ ದಂಡ. ಅದ್ಯಾವ ಪುಣ್ಯಾತ್ಮ ಬರೆದಿದ್ನೋ!”

ಮುಖ್ಯಸ್ಥರ ಕಿವಿ ಕೆಂಪಾಯಿತು. “ನಾನೇ.” ಆಮೇಲೆ ದನಿ ತಗ್ಗಿಸಿ, “ಜನ ನೆಮ್ಮದಿಯಾಗಿ ಒಂದು ಕಪ್ ಚಹಾ ಕುಡೀಬಾರ್ದಾ? ವಾಪಸ್ ಹಾಕಿ, ಇನ್ನೊಂದ್ಸಲ ಓಡ್ಸಿ.”

ಸಾಲು ಮರಳಿ ಬಂತು. ಬೆಳಿಗ್ಗೆಯಿಂದ ಕೂದಲು ಸೀಳಿದ ಇಬ್ಬರೂ ಈ ಸಲ ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಒಪ್ಪಿದರು. ಬಿಲ್ಡ್ ಶುರುವಾಯಿತು. ಸರದಿ ಅವಳದೇ.

ಫೋನು ನಡುಗಿತು: “ಅಮ್ಮಾ, ಹೊರಟ್ಯಾ?” ಅವಳು ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಎದುರು ಕುರ್ಚಿಯಾಕೆ ಅಕ್ಕರೆಯಿಂದ ಹಬೆಯಾಡುವ ಕಪ್ಪು ತಂದಿಟ್ಟಳು.

“ನಿಧಾನಕ್ಕೆ ಕುಡೀರಿ. ಇನ್ನೂ ಮುಕ್ಕಾಲು ಗಂಟೆ ಇದೆಯಲ್ಲಾ!”