ಟೆಲಿಫೋನಿನವರ ಮನೆಯ ವೈಫೈ

ಟೆಲಿಫೋನ್ ಇಲಾಖೆಯಲ್ಲಿದ್ದು, ಭಟ್ಕಳದಿಂದ ಕುಮಟಾದವರೆಗೆ ತಂತಿ ಎಳೆಸಿ ನಿವೃತ್ತನಾದವನು ನಾನು. ಅದಕ್ಕೋ ಏನೋ, ತಂತಿಯಿಲ್ಲದ ಸಾಮಾನುಗಳೆಲ್ಲ ಸರದಿಯ ಮೇಲೆ ಹೊನ್ನಾವರದ ನಮ್ಮ ಮನೆಗೆ ಬಂದು ನನ್ನನ್ನು ಆಟ ಆಡಿಸುತ್ತವೆ. ಈಚಿನ ಸರದಿ ಲ್ಯಾಪ್‌ಟಾಪಿನದು.

ದೂರು ದಾಖಲು

ತೆವಳುತ್ತಿದ್ದ ಹಳೆಯ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದೆ, ಕುದುರೆಯಾಯಿತು. ವೈಫೈ ಮಾತ್ರ ಬರಲಿಲ್ಲ. ಹೋಗಲಿ ಎಂದು ಸುಮ್ಮನಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಬಾವಿಕಟ್ಟೆಯ ಹತ್ತಿರ ನಿಂತು ತಂಗಿಯೊಡನೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತ ಫೋನನ್ನು ಬಾವಿಗೆ ಬೀಳಿಸಿದಳು. ನನ್ನದು ಇಂಟರ್‌ನೆಟ್ ಇಲ್ಲದ, ಗುಂಡಿ ಒತ್ತುವ ಫೋನು. ಶನಿವಾರ ಸಂಜೆ ಆನ್‌ಲೈನ್ ಭಜನಾ ಮಂಡಳಿಯಲ್ಲಿ ಮೊದಲ ಸಲ ಅವಳೊಬ್ಬಳೇ ಹಾಡಬೇಕು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನ ಹೆಂಗಸರು ಕೇಳುವವರು.

"ಶನಿವಾರದೊಳಗೆ ಇದಕ್ಕೆ ವೈಫೈ ಬರ್ತದಾ?" ಲ್ಯಾಪ್‌ಟಾಪ್ ತೋರಿಸಿ ಕೇಳಿದಳು.

"ನಾಳೆ ಸರಿ ಆಗ್ತದೆ."

"ಅದನ್ನ ಊರಿಗೆಲ್ಲ ಹೇಳಿ ಪೆನ್ಶನ್ ತಕೊಂಡಾತು. ನಂಗೆ ನಿಜ ಹೇಳಿ."

ಕುಮಟಾದ ಅಂಗಡಿ

ಲ್ಯಾಪ್‌ಟಾಪನ್ನು ಕುಮಟಾದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಕನ್ನಡಕ ಹಣೆಗೇರಿಸಿದರು.

"ಲಿನಕ್ಸಾ? ಎಂತಕ್ಕೆ ಹಾಕ್ಕೊಂಡ್ರಿ ಮಾರಾಯ್ರೆ? ವೈಫೈ ನಡೆಸೂ ಡ್ರೈವರ್ ತಂತ್ರಾಂಶವೇ ಇದ್ರಲ್ಲಿ ಇಲ್ಲ. ಇಳಿಸ್ಕೊಳ್ಳಿ."

"ಎಲ್ಲಿಂದ?"

"ಇಂಟರ್‌ನೆಟ್ಟಿಂದ."

"ಅದಕ್ಕೇ ವೈಫೈ ಬೇಕಲ್ಲ?"

"ಹೌದು. ವೈಫೈಗೆ ಡ್ರೈವರ್ ಬೇಕು."

ಫೋನ್ ರಿಪೇರಿಗೆ ಕಾಯುತ್ತಿದ್ದ ದೋಣಿಯವರೊಬ್ಬರು ತಲೆ ಆಡಿಸಿದರು. "ನಂಗೆ ಅರ್ಥ ಆತು. ದೋಣಿ ಹೊಳೆ ನಡುವೆ ನಿಂತದೆ. ಅಲ್ಲಿಗೆ ಹೋಗೂಕೆ ಅದೇ ದೋಣಿ ಬೇಕು."

"ಹಾಗಾದ್ರೆ ಈಜಿ ಹೋಗೂದು," ಎಂದರು ಅಂಗಡಿಯವರು. "ಒಂದು ಸಲ ರೂಟರಿಂದ ತಂತಿ ಹಾಕಿ ಇಳಿಸಿ."

ತಂತಿ! ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ವಯಸ್ಸಾದವ್ರು ನೋಡಿ. ತಂತಿ ಅಂದ್ರೆ ಹಳೇ ಕಾಲದ್ದು ಅಂತ ನಿಮ್ಗೆ ಬೇಜಾರಾಗ್ತದೋ ಏನೋ ಅಂತ."

ಬಂತು!

ನಮ್ಮ ರೂಟರ್ ಇರುವುದು ಹಿತ್ತಿಲ ಕಡೆಯ ಕಾಯಿಕೋಣೆಯ ಕಿಟಕಿಯಲ್ಲಿ. ಹೊರಗಿನ ಲೈನ್ ನೇರ ಬರಲೆಂದು ನಾನೇ ಕೂರಿಸಿದ್ದು. ಶುಕ್ರವಾರ ತೆಂಗಿನಕಾಯಿಗಳ ನಡುವೆ ಕೂತು ತಂತಿ ಸಿಕ್ಕಿಸಿದೆ. ಡ್ರೈವರ್ ಇಳಿಯಿತು. ತಂತಿ ಕಿತ್ತರೂ ಇಂಟರ್‌ನೆಟ್ ಹೋಗಲಿಲ್ಲ! "ಬಂತು! ಬಂತು!" ಎಂದು ಕೂಗಿಕೊಂಡೆ.

ಪಕ್ಕದ ಮನೆಯಾಕೆ ಕೊಡ ಹಿಡಿದು ರಸ್ತೆಯ ನಲ್ಲಿಗೆ ಓಡಿದರು. ತಿರುಗಿಸಿ ನೋಡಿ ನಮ್ಮ ಕಿಟಕಿಗೆ ಬಂದರು. "ಎಲ್ಲಿ ಬಂತ್ರಿ ನೀರು?"

"ನೀರಲ್ಲ, ವೈಫೈ."

"ಅಯ್ಯೋ, ಅದನ್ನ ಕೊಡದಲ್ಲಿ ಹಿಡೂಕೆ ಆಗ್ತದಾ?"

ಶನಿವಾರ ಸಂಜೆ

ಹೆಂಡತಿ ರೇಷ್ಮೆ ಸೀರೆ ಉಟ್ಟು ದೇವರ ಮುಂದೆ ಕೂತಳು. ವೈಫೈ ಇಲ್ಲ. ಜಗುಲಿಗೆ ಬಂದೆವು; ಅಲ್ಲೂ ಇಲ್ಲ. ನಮ್ಮ ಚಿರೆಕಲ್ಲಿನ ಗೋಡೆಗಳು ಅಷ್ಟು ದಪ್ಪ.

"ಕಾಯಿಕೋಣೆಯಲ್ಲಿ ಚೆನ್ನಾಗಿ ಬರ್ತದೆ," ಎಂದೆ.

"ಕಾಯಿ ರಾಶಿ ಮೇಲೆ ಕೂತು ಹಾಡೂದಾ? ನಾನೊಲ್ಲೆ."

ಉಳಿದದ್ದು ಆ ಕೋಣೆಯ ಕಿಟಕಿಯಾಚೆಯ ಬಾವಿಕಟ್ಟೆ. ವಿಡಿಯೋ ಕಾಲ್ ಬಂದಾಗಲೆಲ್ಲ ಅವಳು ಅಲ್ಲಿಗೇ ಯಾಕೆ ಓಡುತ್ತಿದ್ದಳೆಂದು ಆಗ ಹೊಳೆಯಿತು. ರೂಟರ್ ಕೂರಿಸಿದವನು ಯಾರೆಂದು ಅವಳು ಕೇಳಲಿಲ್ಲ. ಬಾವಿಯೊಳಗೆ ಬಗ್ಗಿ ನೋಡಿದಳು.

"ಇದೂ ಬಾವಿಗೆ ಬಿದ್ರೆ?"

ಲ್ಯಾಪ್‌ಟಾಪಿಗೆ ಬಾವಿಯ ಹಗ್ಗ ಬಿಗಿದು, ಇನ್ನೊಂದು ತುದಿ ಹಿಡಿದು ಅವಳ ಹಿಂದೆ ನಿಂತೆ.

ಹಾಡಿದಳು ನೋಡಿ! ಸ್ವರ ಎಲ್ಲೂ ಕಡಿಯಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಪರದೆಯ ತುಂಬ ಹೆಂಗಸರು ಚಪ್ಪಾಳೆ ತಟ್ಟಿದರು. ಭಟ್ಕಳದಲ್ಲಿ ಕೂತು ಮಂಡಳಿ ನಡೆಸುವ ಹಿರಿಯಮ್ಮ ಕಣ್ಣು ಕಿರಿದು ಮಾಡಿದರು.

"ಬಹಳ ಚಂದ ಆತು ಮಾರಾಯ್ತಿ. ಅಲ್ಲ, ಹಾಡೂಕೆ ಮೊದ್ಲು ವೈಫೈ ಬಂತು ಅಂದ್ಯಲ್ಲ? ಮತ್ತೆ ನಿನ್ನ ಯಜಮಾನ್ರು ಹಿಂದೆ ಹಗ್ಗ ಹಿಡ್ಕೊಂಡು ನಿಂತದ್ದು ಎಂತಕ್ಕೆ?"

ಹೆಂಡತಿ ನನ್ನತ್ತ ತಿರುಗಿಯೂ ನೋಡಲಿಲ್ಲ.

"ಟೆಲಿಫೋನಿನವ್ರಲ್ಲ ಅಮ್ಮಾ. ಕೈಯಲ್ಲಿ ಎಂತಾದ್ರೂ ಒಂದು ತಂತಿ ಇಲ್ದಿದ್ರೆ ಅವ್ರಿಗೆ ನೆಮ್ಮದಿ ಇಲ್ಲ."