ಯಾರೂ ಓದದ ಕಥೆಗಳಿಗೆ ನಮ್ಮ ಕಾಕಾ

ಕಥೆ ಬರೆಯುವ ಹವ್ಯಾಸ ಇರುವವರಿಗೆಲ್ಲ ಒಂದು ಹಿತವಚನ: ನಮ್ಮ ಕಾಕಾ ಅವರ ಕಣ್ಣಿಗೆ ಮಾತ್ರ ಬೀಳಬೇಡಿ! ಬಿದ್ದಿರೋ, ಒಂದೋ ನೀವು ದೊಡ್ಡ ಲೇಖಕರಾಗುತ್ತೀರಿ, ಇಲ್ಲವೇ ಫೋನನ್ನು ಘಟಪ್ರಭೆಗೆ ಎಸೆದು ಊರು ಬಿಡುತ್ತೀರಿ. ನಡುವಿನ ದಾರಿ ಎಂಬುದಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಗೋಕಾಕದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಕಟಕಟೆಯಲ್ಲಿ ನಿಂತವರ ಹೇಳಿಕೆಯನ್ನು ಜಡ್ಜ್ ಸಾಹೇಬರು ಹೇಳಿದಂತೆ ಟಕಟಕ ಟೈಪು ಮಾಡಿ, ಸಾಕ್ಷಿಯ ಸಹಿ ಪಡೆಯುವುದು ಅವರ ಕೆಲಸ. ನಿವೃತ್ತರಾದ ಮೇಲೆ ಮನೆಯಲ್ಲಿ ಕುಳಿತು ಹೆಂಡತಿ, ಅಂದರೆ ನಮ್ಮ ಕಾಕು, ಮಾಡಿದ ಪಲ್ಯಗಳಿಗೆಲ್ಲ ತಕರಾರು ಅರ್ಜಿ ಸಲ್ಲಿಸತೊಡಗಿದರು. ತಾಳಲಾರದೆ ಕಾಕು ನನಗೆ ಫೋನು ಮಾಡಿದರು: "ಇವರಿಗೊಂದು ಉದ್ಯೋಗ ಹಚ್ಚ ತಂಗಿ, ಇಲ್ಲಾಂದ್ರ ನಾನ ತವರಮನಿಗೆ ಹೊಂಟೆ!"

ನಾನು ಮೂಡಲಗಿಯಲ್ಲಿ ಹೈಸ್ಕೂಲ್ ಟೀಚರು. ಆನ್‌ಲೈನಿನಲ್ಲಿ ಕಥೆಗಳನ್ನೂ ಬರೆಯುತ್ತೇನೆ. ನನ್ನ ಕಥೆಗಳಿಗೆ ಹನ್ನೊಂದು ಜನ ಓದುಗರು. ಅವರಲ್ಲಿ ಒಂಬತ್ತು ಮಂದಿ ನನ್ನ ವಿದ್ಯಾರ್ಥಿಗಳು, ಪಾಪ, ಹೆದರಿ ಓದುತ್ತಾರೆ. ಹನ್ನೆರಡನೆಯವರು ಸಿಕ್ಕರಲ್ಲ ಎಂಬ ದುರಾಸೆಯಿಂದ ಕಾಕಾ ಅವರ ಫೋನಿಗೆ ಕಥೆ ಓದುವ ಆ್ಯಪ್ ಹಾಕಿಕೊಟ್ಟೆ. ಒಂದು ವಾರ ಕಾದೆ. ಎರಡು ವಾರ ಕಾದೆ. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ.

"ನನ್ನ ಕಥಿ ಓದಿದ್ರೇನ್ರಿ ಕಾಕಾ?"

"ಓದೇನಿ."

"ಮತ್ತ ಕೆಳಗ ಏನೂ ಬರದಿಲ್ಲಲ್ರಿ?"

"ಸಂಬಂಧಿಕರ ಕೇಸ ನಾ ಮುಟ್ಟೂದಿಲ್ಲವಾ. ನೀ ಬ್ಯಾರೆ ಬೆಂಚಿಗೆ ಹೋಗು."

ನಾನು ಬೇರೆ ಬೆಂಚಿಗೆ ಹೋದೆ. ಕಾಕಾ ಮಾತ್ರ ಆ ಆ್ಯಪಿನಲ್ಲೇ ಬೀಡುಬಿಟ್ಟರು. ಅವರ ಓದಿಗೊಂದು ಕಟ್ಟುನಿಟ್ಟಾದ ನಿಯಮ. ಸಾವಿರಾರು ಜನ ಓದಿದ ಕಥೆಯನ್ನು ಅವರು ತೆರೆಯುವುದೇ ಇಲ್ಲ. ಯಾವುದರ ಕೆಳಗೆ ಒಂದೂ ಅಭಿಪ್ರಾಯವಿಲ್ಲವೋ ಅದನ್ನೇ ಹುಡುಕಿ ಹುಡುಕಿ ಓದುವುದು!

"ಮದುವಿ ಮನಿಗೆ ಎಲ್ಲಾರೂ ಉಣ್ಣಾಕ ಹೋಗ್ತಾರವಾ. ಸತ್ತ ಮನಿಗೆ ಯಾರರ ಹೋಗಬೇಕಲ್ಲ?"

"ಬರದಾರು ಇನ್ನೂ ಜೀವಂತ ಅದಾರ್ರಿ ಕಾಕಾ!"

"ಅದಕ್ಕ ಲಗೂನ ಹೋಗಬೇಕು."

ಸರಿ, ಹೋಗಿ ಏನು ಬರೆಯುತ್ತಿದ್ದರು ಅಂತೀರಿ? ಬೇರೆಯವರಂತೆ "ಸೂಪರ್", "ಮನ ಮುಟ್ಟಿತು" ಎಂದು ಬರೆದರೆ ಅವರು ಟೈಪಿಸ್ಟ್ ಹೇಗಾದಾರು? ಒಂದು ಪ್ರೇಮಕಥೆಯ ಕೆಳಗೆ ಹೀಗಿತ್ತು: "ಸದರಿ ಕಥೆಯನ್ನು ಎರಡು ಸಲ ಕೂಲಂಕಷವಾಗಿ ಓದಿ ನೋಡಲಾಗಿ, ನಾಯಕಿಯು ನಿರ್ದೋಷಿ ಎಂದು ಕಂಡುಬಂದಿರುತ್ತದೆ. ನಾಯಕನ ನಡತೆ ಸಂಶಯಾಸ್ಪದ. ಎರಡನೇ ಪುಟದಲ್ಲಿ ಆತ ಅತ್ತದ್ದಕ್ಕೆ ತಕ್ಕ ಕಾರಣ ಒದಗಿಸಿರುವುದಿಲ್ಲ. ಆದಾಗ್ಯೂ ಕೊನೆಯ ಸಾಲು ಓದಿ ನನ್ನ ಕಣ್ಣು ತೇವವಾದದ್ದು ನಿಜ ಎಂದು ಈ ಮೂಲಕ ದೃಢೀಕರಿಸುತ್ತೇನೆ." ಬರೆದವಳು ಕಾಲೇಜು ಹುಡುಗಿ. ಮೊದಲು ಗಾಬರಿಯಾಗಿ ಕಥೆಯನ್ನೇ ಅಳಿಸಿಬಿಟ್ಟಳಂತೆ. ಆಮೇಲೆ ನಾಯಕನ ಅಳುವಿಗೆ ಕಾರಣ ಸೇರಿಸಿ ಮತ್ತೆ ಹಾಕಿದಳು!

ಒಬ್ಬ ಲೇಖಕ, "ಸರ್, ನೀವು ನನಗೆ ಐದು ನಕ್ಷತ್ರ ಕೊಡಿ, ನಾನು ನಿಮಗೆ ಐದು ಕೊಡುತ್ತೇನೆ" ಎಂದು ಬರೆದ. ಕಾಕಾ ಕೆಂಡವಾದರು. "ನಾ ಒಂದ ಅಕ್ಷರ ಬರದಿಲ್ಲ, ನನಗ ಯಾತಕ್ಕ ಕೊಡ್ತಾನಿಂವ?" ಎಂದು ಫೋನಿಗೇ ಬೈದು, ಆಮೇಲೆ ಉತ್ತರ ಕೊಟ್ಟರು: "ತಾವು ಒಡ್ಡಿರುವುದು ಆಮಿಷ. ಕಥೆ ಚೆನ್ನಾಗಿರುವ ಕಾರಣ ಎಚ್ಚರಿಕೆ ನೀಡಿ ಬಿಡುಗಡೆ ಮಾಡಲಾಗಿದೆ. ನಾಲ್ಕು ನಕ್ಷತ್ರ."

ಒಬ್ಬರೇ ಎಷ್ಟು ಜನರಿಗೆ ಸಾಲುತ್ತಾರೆ? ಕಾಕಾ ನಮ್ಮ ಕಾಕುವನ್ನೂ ಓದಲು ಹಚ್ಚಿದರು. ಕಾಕುಗೆ ಟೈಪು ಮಾಡಲು ಬೇಸರ. ಕಥೆ ಓದಿ ಒಂದು ಮುಖದ ಚಿತ್ರ ಒತ್ತಿ ಒಲೆಯ ಮುಂದೆ ಹೋಗುತ್ತಿದ್ದರು. ಒಂದು ದಿನ ನಾಯಕಿಯ ಗಂಡ ಸಾಯುವ ಪುಟದ ಕೆಳಗೆ ಹಲ್ಲು ಕಿಸಿದು ನಗುವ ಮುಖ ಒತ್ತಿಬಿಟ್ಟರು! ಕಾಕಾ ತಲೆ ತಲೆ ಚಚ್ಚಿಕೊಂಡು, "ಏನಿದು! ಬರದಾಕಿ ಏನ ತಿಳ್ಕೋಬೇಕು?" ಎಂದರೆ, ಕಾಕು ಸೌಟು ಹಿಡಿದೇ ಹೊರಬಂದು ಹೇಳಿದರು: "ಕಥಿ ಪೂರಾ ಓದೇನ್ರಿ ನಾ. ಅಂಥಾಂವ ಸತ್ತರ ನಗಬೇಕು!"

ಇನ್ನೊಂದು ಸಲ ಕಾಕಾ ಬೆಳಿಗ್ಗೆಯೇ ಮೂಡಲಗಿಯ ನನ್ನ ಮನೆಗೆ ಬಂದು ನಿಂತರು. "ನಡಿ, ಮಸಗುಪ್ಪಿಗೆ ಹೋಗೂಣು. ಸ್ಥಳ ಪರಿಶೀಲನೆ ಐತಿ." ಯಾವನೋ ಹೊಸ ಲೇಖಕನ ಕಥೆಯಲ್ಲಿ ನಾಯಕ ನಾಯಕಿ ಶ್ರಾವಣದ ಮಳೆಯಲ್ಲಿ ತೋಯುತ್ತ ಅರಿಷಿಣ ಕೀಳುತ್ತಾರಂತೆ. ಕಾಕಾಗೆ ಅನುಮಾನ. ಮಸಗುಪ್ಪಿಯ ಹೊಲದಲ್ಲಿದ್ದ ರೈತರೊಬ್ಬರನ್ನು ಕೇಳಿದರೆ ಅವರು ಬಿದ್ದು ಬಿದ್ದು ನಕ್ಕರು.

"ಶ್ರಾವಣದಾಗ ಕಿತ್ತರ ಬರೇ ಎಲಿ ಬರ್ತಾವ್ರಿ! ಕಥಿ ಬರದಾಂವ ಅರಿಷಿಣ ನೋಡಿದ್ದು ಮದುವ್ಯಾಗ ಅಷ್ಟ ಇರಬೇಕು."

ಲೇಖಕನಿಗೆ ವರದಿ ಹೋಯಿತು. ಆತ ವಿನಯವಂತ, ಶ್ರಾವಣವನ್ನು ತೆಗೆದು ಮಾಘ ಮಾಡಿದ. ಆದರೆ ಮರುದಿನವೇ ಅಳುಮೋರೆಯ ಪತ್ರ: "ಸರ್, ಅರಿಷಿಣ ಸರಿಹೋಯಿತು. ಮಾಘದಲ್ಲಿ ಮಳೆ ಎಲ್ಲಿಂದ ತರಲಿ? ಇಬ್ಬರೂ ತೋಯದಿದ್ದರೆ ಪ್ರೇಮವೇ ಹುಟ್ಟುವುದಿಲ್ಲ!" ಕಾಕಾ ಅರ್ಧ ದಿನ ವಿಚಾರ ಮಾಡಿ ಆದೇಶ ಹೊರಡಿಸಿದರು: "ಹೊಲದಲ್ಲಿ ಸ್ಪ್ರಿಂಕ್ಲರ್ ಹಚ್ಚುವುದು. ಇಬ್ಬರೂ ಸಾಕಷ್ಟು ತೋಯ್ದ ನಂತರ ಬಂದ್ ಮಾಡುವುದು."

ಇಂಥ ಕಾಕಾ ಅವರನ್ನು ಕಂಗೆಡಿಸಿದ್ದು ಒಂದು ಧಾರಾವಾಹಿ. ಬರೆಯುತ್ತಿದ್ದಾಕೆ ಕಣಗಲಾದ ಒಬ್ಬ ಗೃಹಿಣಿ, ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೊದಲ ಕಂತಿನಿಂದಲೂ ಆಕೆಗೆ ಒಬ್ಬನೇ ಖಾಯಂ ಓದುಗ. ಯಾರೆಂದು ಹೇಳಬೇಕೆ? ಹದಿನೇಳನೆಯ ಕಂತಿನಲ್ಲಿ ಕಥೆಯ ಸೊಸೆ ತವರಿನಿಂದ ಟ್ರಂಕು ಹೊತ್ತು ಬಂದು ಅತ್ತೆಯ ಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಅಲ್ಲಿಗೆ ಕಥೆ ನಿಂತುಹೋಯಿತು. ಕಾಕಾ ವಾರವಾರ ಬರೆದೇ ಬರೆದರು: "ನಾಯಕಿಯು ನಾಲ್ಕು ವಾರಗಳಿಂದ ಟ್ರಂಕು ಹೊತ್ತು ನಿಂತಿರುತ್ತಾಳೆ. ಆಕೆಗೆ ಕೂಡ್ರಲಾದರೂ ಅನುಮತಿ ನೀಡಬೇಕಾಗಿ ವಿನಂತಿ."

ಐದನೆಯ ವಾರ ಉತ್ತರ ಬಂತು. "ಕಾಯಬೇಡಿ ಸರ್. ಸಕ್ಕರೆ ಡಬ್ಬಿಗೆ ಬೀಗ ಹಾಕುವ ಆ ಅತ್ತೆ ನಮ್ಮ ಅತ್ತೆಯೇ ಎಂದು ಓಣಿಯವರು ಅವರಿಗೆ ಹೇಳಿದ್ದಾರೆ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಇನ್ನು ಬರೆಯುವುದಿಲ್ಲ."

ಕಾಕಾ ಆ ದಿನ ಊಟಕ್ಕೆ ತಕರಾರು ಮಾಡಲಿಲ್ಲ. ಕಾಕು ಹೆದರಿ ನನಗೆ ಫೋನು ಮಾಡಿದರು.

"ಒಂದ ಕಡೀದ ಕೇಳಿ ಕೇಸ ಮುಗಸಾಕ ಬರೂದಿಲ್ಲ" ಎಂದು ಕಾಕಾ ಆಕೆಯ ಒಪ್ಪಿಗೆ ಕೇಳಿ ಬರೆದರು. ಆಕೆ ಬಹಳ ಅನುಮಾನಿಸಿ "ಬನ್ನಿ" ಎಂದಳು. ರವಿವಾರ ಕಾಕಾ, ಕಾಕು, ನಾನು ಮೂವರೂ ಬಸ್ಸು ಬದಲಿಸುತ್ತ ಕಣಗಲಾಕ್ಕೆ ಹೋದೆವು. ಅದೊಂದು ಮುಸ್ಲಿಂ ಕುಟುಂಬ. ಅಂಗಳದ ಹೊರಸಿನ ಮೇಲೆ ಅತ್ತೆ ಕುಳಿತಿದ್ದರು, ವಯಸ್ಸಾದ ಅಜ್ಜಿ. ಬೆಳ್ಳಗಿನ ಮುಖ, ತಲೆ ತುಂಬ ಸೆರಗು, ಬಿಗಿದ ತುಟಿ. "ಬರ್ರಿ, ಕುಂಡ್ರಿ" ಎಂದರೇ ಹೊರತು ನಗಲಿಲ್ಲ. ಚಹಾ ಬಂತು. ಕಾಕಾ ಒಂದು ಗುಟುಕು ಕುಡಿದು ನನ್ನ ಕಿವಿಯಲ್ಲಿ ಉಸುರಿದರು: "ಸಕ್ಕರಿ ಇಲ್ಲ. ಪುರಾವೆ ಸಿಕ್ತು!"

ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು. "ಅಮ್ಮಾರ, ನಿಮ್ಮ ಸೊಸಿ ಬರದದ್ದು ನೀವು ಓದೀರೇನ್ರಿ?"

"ನನಗೆಲ್ಲಿ ಓದಾಕ ಬರ್ತೈತ್ರಿ? ಬಾಜೂ ಮನಿಯಾಕಿ ಹೇಳಿದ್ಲು. ನನ್ನ ಮಾನ ಹರಾಜ ಹಾಕ್ಯಾಳ."

"ಹಂಗಾದ್ರ ಈಗ ಕೇಳ್ರಿ. ಆಮ್ಯಾಲೆ ನೀವು ಬ್ಯಾಡ ಅಂದ್ರ ನಾವು ಎದ್ದು ಹೋಗ್ತೀವಿ."

ಕಾಕಾ ಕನ್ನಡಕ ಏರಿಸಿ ಮೊದಲ ಕಂತಿನಿಂದ ಓದತೊಡಗಿದರು. ಸೊಸೆ ಅಡಿಗೆಮನೆಯ ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತಿದ್ದಳು. ಸಕ್ಕರೆ ಡಬ್ಬಿಯ ಪ್ರಸಂಗ ಬಂದಾಗ ಅತ್ತೆ ಮುಖ ತಿರುಗಿಸಿದರು. ಕಾಕಾ ನಿಲ್ಲಿಸಲಿಲ್ಲ. ಹನ್ನೊಂದನೆಯ ಕಂತಿನಲ್ಲಿ ಕಥೆಯ ಸೊಸೆಗೆ ಗರ್ಭ ನಿಲ್ಲದೆ ಹೋಗುತ್ತದೆ. ಓಣಿಯ ಹೆಂಗಸರು ಆಡಿಕೊಳ್ಳಲು ಬಂದಾಗ, ಅದೇ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ನನ್ನ ಸೊಸಿ ಮಲಗ್ಯಾಳ. ಆಕಿ ಬಗ್ಗೆ ಒಂದ ಮಾತ ಆಡಿದ್ರ ಈ ಹೊಸ್ತಿಲ ತುಳೀಬ್ಯಾಡ್ರಿ" ಎನ್ನುತ್ತಾಳೆ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇದನ್ನ ಯಾರೂ ನನಗ ಹೇಳಲಿಲ್ಲಲ್ರಿ!"

"ಹೇಳಾವ್ರು ಮೂರನೇ ಕಂತಿಗೆ ಓದೂದು ಬಿಟ್ಟಾರ್ರಿ ಅಮ್ಮಾರ" ಎಂದರು ಕಾಕಾ.

ಹದಿನೇಳನೆಯದು ಮುಗಿಯಿತು. ಅಜ್ಜಿ ಮುಂದೆ ಬಾಗಿ, "ಮುಂದ?" ಎಂದರು.

"ಮುಂದ ಬರದಿಲ್ರಿ. ನೀವು ಸಿಟ್ಟ ಮಾಡ್ಕೊಂಡೀರಿ ಅಂತ."

ಅಜ್ಜಿ ಅಡಿಗೆಮನೆಯ ಕಡೆ ತಿರುಗಿ ಗುಡುಗಿದರು: "ಏ, ಆ ಹುಡಗಿ ಟ್ರಂಕ್ ಹೊತ್ಕೊಂಡು ಬಾಗಲಾಗ ನಿಂತೈತಿ, ಒಳಗ ಕರಿಯಾಕ ಏನ ಧಾಡಿ ನಿನಗ? ಹೋಗು, ಬರಿ! ಮೊದಲ ಚಹಾ ಮಾಡು. ಸಕ್ಕರಿ ಹಾಕು!" ಎನ್ನುತ್ತ ಸೊಂಟದಿಂದ ಬೀಗದ ಕೈ ಬಿಚ್ಚಿ ಎಸೆದರು. ಸೊಸೆ ನಗುತ್ತಲೂ ಅಳುತ್ತಲೂ ಮಾಡಿದ ಆ ಎರಡನೆಯ ಚಹಾ ಪಾಕದಂತಿತ್ತು. ಸಕ್ಕರೆ ಕಾಯಿಲೆಯ ಕಾಕು ಕೂಡ ಪೂರ್ತಿ ಕುಡಿದರು.

ಮರಳುವಾಗ ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಗೋಕಾಕದ ಬಸ್ಸಿಗೆ ಕಾಯುತ್ತ ಕುಳಿತೆವು. ಗೆದ್ದ ಕಾಕಾ ಜಂಬ ಕೊಚ್ಚಬೇಕಿತ್ತು, ಸುಮ್ಮನಿದ್ದರು.

"ಏನ್ರಿ ಕಾಕಾ, ಬಾಯಿಗೆ ಬೀಗ?" ಎಂದು ಕೆಣಕಿದೆ.

"ನಾ ನೌಕರಿಗೆ ಸೇರಿದ ಹೊಸತನದಾಗ ಒಬ್ಬಾಕಿ ಬಂದಿದ್ಲವಾ, ಸಾಕ್ಷಿ ಹೇಳಾಕ. ಮಗಳನ್ನ ಕಳಕೊಂಡಾಕಿ. ತಾಸಗಟ್ಟಲೆ ಹೇಳಿದ್ಲು. ಮಗಳು ಹೆಂಗ ನಗತಿದ್ಲು, ಏನ ಉಣತಿದ್ಲು, ಎಲ್ಲಾ. ಕೇಸಿಗೆ ಬೇಕಾಗಿದ್ದು ಮೂರ ಸಾಲು. ಸಾಹೇಬ್ರು ಅಷ್ಟ ಹೇಳಿದ್ರು, ನಾ ಅಷ್ಟ ಟೈಪ್ ಹೊಡದೆ. ಸಹಿ ಮಾಡಾಕ ಬಂದಾಗ ಆಕಿ ಕೇಳಿದ್ಲು, 'ನಾ ಹೇಳಿದ್ದೆಲ್ಲಾ ಇದರಾಗ ಐತೇನಪಾ?' ಅಂತ." ಕಾಕಾ ರಸ್ತೆಯ ಕಡೆ ಮುಖ ತಿರುಗಿಸಿದರು. "ಐತಿ, ಸಹಿ ಮಾಡ್ರಿ ಅಂದೆ. ಎಲ್ಲಾ ಕೇಳೇನಿ ಯವ್ವಾ ಅಂತ ಒಂದ ಮಾತ ಅನ್ನಬೇಕಿತ್ತು. ಅನ್ನಲಿಲ್ಲ."

ಕಾಕು ಸದ್ದಿಲ್ಲದೆ ಅವರ ಪಕ್ಕಕ್ಕೆ ಸರಿದು ಕುಳಿತರು. ಅಷ್ಟರಲ್ಲಿ ಗೋಕಾಕದ ಬಸ್ಸು ಬಂತು, ಜನ ನುಗ್ಗಿದರು. ಕಾಕಾ ಏಳಲು ಹೋದರು. ನಾನು ಅವರ ಕೈ ಹಿಡಿದು ಕೂಡ್ರಿಸಿದೆ.

"ಮುಂದಿನ ಬಸ್ಸಿಗೆ ಹೋಗೂಣ್ರಿ ಕಾಕಾ. ಆ ಅವ್ವ ಏನೇನ ಹೇಳಿದ್ಲು, ಪೂರಾ ಹೇಳ್ರಿ."

ಕಾಕಾ ಹೇಳತೊಡಗಿದರು. ಅಷ್ಟು ವರ್ಷದ ಹಿಂದಿನ ಮಾತು. ಒಂದಕ್ಷರವನ್ನೂ ಅವರು ಮರೆತಿರಲಿಲ್ಲ.